ಅಬ್ಬಾರ ಲೆನ್ಸಿಗೆ ಯಾವ ಕ್ಯಾಮೆರಾ?

"ನಿಕಾನ್ ಲೆನ್ಸ್ ಅಲ್ವಾ? ನಿಕಾನ್ ಕ್ಯಾಮೆರಾಕ್ಕೆ ಕೂರ್ತದೆ." ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ವಿಚಾರಿಸಿದ ಅಂಗಡಿಗಳಲ್ಲೆಲ್ಲ ನನಗೆ ಸಿಕ್ಕಿದ ಉತ್ತರ ಇದೇ. ಇದು ಸುಳ್ಳೇನಲ್ಲ. 1959ರಲ್ಲಿ ನಿಕಾನ್ ಕಂಪೆನಿ 'ಎಫ್' ಎಂಬ ಕ್ಯಾಮೆರಾ ತಂದಾಗ ಲೆನ್ಸ್ ಕೂರಿಸುವ ಬಾಯಿಯ ಅಳತೆ ಏನಿತ್ತೋ, ಅದನ್ನೇ ಅದು ತನ್ನ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳವರೆಗೂ ಉಳಿಸಿಕೊಂಡು ಬಂದಿದೆ. ಲೆನ್ಸ್ ಇಟ್ಟು ತಿರುಗಿಸಿದರೆ ಟಕ್ ಎಂದು ಕೂರುತ್ತದೆ. ಆದರೆ ಕೂತ ಮೇಲೆ ಕೆಲಸ ಮಾಡ್ತದಾ ಎಂದು ಕೇಳಿದರೆ ಅಂಗಡಿಯವರು ಇನ್ನೊಬ್ಬ ಗಿರಾಕಿಯ ಕಡೆ ತಿರುಗುತ್ತಾರೆ. ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ ಎಂಬುದು ಗೊತ್ತಾಗಲು ನನಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ತಿಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪಂಪ್‌ವೆಲ್‌ನಲ್ಲಿ ಅಬ್ಬಾರದ್ದು ಜೆರಾಕ್ಸ್ ಮತ್ತು ಪಾಸ್‌ಪೋರ್ಟ್ ಫೋಟೋದ ಸಣ್ಣ ಅಂಗಡಿ. ಬಸ್ಸಿಗೆ ಕಾಯುವವರು, ಅರ್ಜಿ ತುಂಬುವವರು, ಆಧಾರ್ ಕಾಪಿ ಬೇಕಾದವರು ಬರುತ್ತಾರೆ. ಫ್ಲೈಓವರ್ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ಜನ ಅದರ ಮೇಲೆ ಮಾಡಿದ ಜೋಕುಗಳನ್ನೆಲ್ಲ ನಾವು ಅಂಗಡಿಯ ಧೂಳಿನಲ್ಲೇ ಕುಳಿತು ಕೇಳಿದವರು. 2020ರ ಜನವರಿ 31ರಂದು ಅದು ತೆರೆದಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಅದಕ್ಕೂ ಬಹಳ ಮೊದಲು, ನಾನು ಹುಟ್ಟುವ ಮುಂಚೆ, ಅಬ್ಬಾ ಮದುವೆ ಫೋಟೋಗ್ರಾಫರ್ ಆಗಿದ್ದರು. ಆ ಕಾಲದ ಆಸ್ತಿ ಈಗಲೂ ಮನೆಯ ಕಪಾಟಿನಲ್ಲಿದೆ: ಒಂದು ನಿಕಾನ್ ಎಫ್‌ಎಂ2 ಕ್ಯಾಮೆರಾ, ಮೂರು ಲೆನ್ಸ್. ಒಂದು 28 ಮಿಲಿಮೀಟರ್, ಒಂದು 50, ಒಂದು 105. ದುಬೈಯಿಂದ ಬಂದವರೊಬ್ಬರ ಕೈಯಿಂದ ಕಂತಿನಲ್ಲಿ ಕೊಂಡದ್ದು.

ನನಗೆ ಕ್ಯಾಮೆರಾ ಬೇಕಾದ ಕಾರಣ ಹೇಳುತ್ತೇನೆ. ನಮ್ಮ ಮದುವೆಗಳಲ್ಲಿ ಗಂಡಸರ ಕಡೆ ಫೋಟೋ ತೆಗೆಯಲು ಜನ ಬೇಕಾದಷ್ಟಿದ್ದಾರೆ. ಹೆಂಗಸರ ಕಡೆ ತೆಗೆಯಲು ಹುಡುಗಿಯರೇ ಬೇಕು ಎನ್ನುವ ಮನೆಗಳು ಬಹಳ, ತೆಗೆಯುವ ಹುಡುಗಿಯರು ಕಡಿಮೆ. ಅಬ್ಬಾ ಅಮ್ಮಿಯ ಮದುವೆಯ ಆಲ್ಬಮ್‌ನಲ್ಲಿ ಎರಡು ರೋಲ್ ಫಿಲ್ಮಿನ ಎಪ್ಪತ್ತೆರಡು ಫೋಟೋ ಇವೆ. ಅಮ್ಮಿ ಇರುವುದು ನಾಲ್ಕರಲ್ಲಿ. ನಾನಿ ಒಂದರಲ್ಲೂ ಇಲ್ಲ. ಆಗ ಫಿಲ್ಮ್ ತೊಳೆಯಲು ಲ್ಯಾಬ್‌ಗೆ ಹೋಗಬೇಕಿತ್ತು, ಯಾರ್ಯಾರ ಕೈಗೋ ಹೋಗುತ್ತದೆ ಎಂದು ಹೆಂಗಸರು ಎದ್ದು ಒಳಗೆ ಹೋಗುತ್ತಿದ್ದರಂತೆ. ಖಾಲಾ ತಮ್ಮ ಮಗಳ ಮೆಹಂದಿಗೆ "ನೀನೇ ತೆಗಿ, ಕಾರ್ಡ್ ಅವತ್ತೇ ರಾತ್ರಿ ನನ್ನ ಕೈಗೆ ಕೊಡು, ಹಣ ನಾನು ಕೊಡ್ತೇನೆ" ಎಂದು ಹೇಳಿದಾಗ ನಾನು ಒಪ್ಪಿಕೊಂಡೆ. ಅಮ್ಮಿ ಮಾತ್ರ "ಕಾಮರ್ಸ್ ತಗೊಂಡದ್ದು ಯಾಕೆ ಹಾಗಾದರೆ?" ಎಂದರು. ಕಾಮರ್ಸ್ ಈ ಲೇಖನದಲ್ಲೇ ಮುಂದೆ ಬರುತ್ತದೆ, ಅಮ್ಮಿ ಓದಲಿ.

ಮೊದಲು ಅಪರ್ಚರ್ ಏನೆಂದು ಹೇಳಬೇಕು. ಲೆನ್ಸಿನ ಒಳಗೆ ತೆಳ್ಳಗಿನ ತಗಡುಗಳು ಒಂದರ ಮೇಲೊಂದು ಸರಿದು ನಡುವೆ ಒಂದು ತೂತು ಮಾಡುತ್ತವೆ. ತೂತು ದೊಡ್ಡದಾದರೆ ಬೆಳಕು ಹೆಚ್ಚು, ಸಣ್ಣದಾದರೆ ಕಡಿಮೆ. ಈ ತೂತಿಗೆ ಎಫ್ ನಂಬರ್ ಎಂಬ ಲೆಕ್ಕ ಉಂಟು: 1.8, 2.8, 4, 5.6, 8, 11, 16, 22. ನಂಬರ್ ದೊಡ್ಡದಾದಷ್ಟು ತೂತು ಸಣ್ಣದಾಗುವುದು ಎಲ್ಲರಿಗೂ ಗೊಂದಲ. ಆದರೆ ಅದು ಭಾಗಾಕಾರದ ಕೆಳಗಿನ ಸಂಖ್ಯೆ, ಅಷ್ಟೆ. 50 ಮಿಲಿಮೀಟರ್ ಲೆನ್ಸನ್ನು 1.8ರಿಂದ ಭಾಗಿಸಿದರೆ ಸುಮಾರು 28 ಮಿಲಿಮೀಟರ್ ಅಗಲದ ತೂತು. 16ರಿಂದ ಭಾಗಿಸಿದರೆ ಮೂರು ಮಿಲಿಮೀಟರ್ ಚಿಲ್ಲರೆ. 2.8ರ ನಂತರ ಒಂದೊಂದು ಮೆಟ್ಟಿಲು ಇಳಿದಾಗ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಹಳೆಯ ಲೆನ್ಸಿನಲ್ಲಿ ಈ ನಂಬರುಗಳನ್ನು ಲೆನ್ಸಿನ ಬುಡದ ಒಂದು ಬಳೆಯ ಮೇಲೆ ಕೊರೆದಿರುತ್ತಾರೆ. ಅದೇ ಅಪರ್ಚರ್ ರಿಂಗ್. ತಿರುಗಿಸಿದರೆ ಒಂದೊಂದು ನಂಬರಿಗೂ ಬೆರಳಿಗೆ ಒಂದು ಕ್ಲಿಕ್ ಸಿಗುತ್ತದೆ.

ಆ ಕ್ಲಿಕ್ ಏಕೆ ಮುಖ್ಯ ಎಂದು ನನಗೆ ಪುಸ್ತಕದಿಂದ ತಿಳಿಯಲಿಲ್ಲ, ಅಬ್ಬಾ ಅಂಗಡಿ ಎದುರಿನ ಸರ್ವೀಸ್ ರೋಡಿನಲ್ಲಿ ನಡೆದು ತೋರಿಸಿದ ಮೇಲೆ ತಿಳಿಯಿತು. ಆ ಕಾಲದ ಫ್ಲ್ಯಾಷ್‌ಗೆ ತನ್ನಷ್ಟಕ್ಕೆ ಬೆಳಕು ಹೊಂದಿಸುವ ಬುದ್ಧಿ ಇರಲಿಲ್ಲ. ಅದಕ್ಕೊಂದು ಗೈಡ್ ನಂಬರ್ ಇರುತ್ತಿತ್ತು. ಅಬ್ಬಾರ ಫ್ಲ್ಯಾಷಿನದು 100 ಎಎಸ್‌ಎ ಫಿಲ್ಮಿಗೆ 32. ಅದನ್ನು ದೂರದಿಂದ ಭಾಗಿಸಿದರೆ ಎಫ್ ನಂಬರ್ ಬರುತ್ತದೆ. ನಾಲ್ಕು ಮೀಟರ್ ದೂರಕ್ಕೆ 8. ಮೂರು ಮೀಟರಿಗಿಂತ ಸ್ವಲ್ಪ ಹತ್ತಿರ ಬಂದರೆ 11. ಎರಡು ಮೀಟರಿಗೆ 16. ಮದುವೆ ಹಾಲ್‌ನಲ್ಲಿ ಯಾರು ಕ್ಯಾಲ್ಕುಲೇಟರ್ ಹಿಡಿಯುತ್ತಾರೆ? "ದೋ ಕದಮ್, ಏಕ್ ಕ್ಲಿಕ್" ಎನ್ನುತ್ತಾರೆ ಅಬ್ಬಾ. ಮದುಮಗನ ಕಡೆಗೆ ಎರಡು ಹೆಜ್ಜೆ ಮುಂದೆ ಹೋದರೆ ಎಡಗೈ ತಾನಾಗಿ ಒಂದು ಕ್ಲಿಕ್ ತಿರುಗಿಸುತ್ತದೆ, ಎರಡು ಹೆಜ್ಜೆ ಹಿಂದೆ ಬಂದರೆ ಹಿಂದಕ್ಕೆ. ಕಣ್ಣು ಜನರ ಮೇಲೆಯೇ ಇರುತ್ತದೆ. ಫ್ಲ್ಯಾಷ್ ಇಲ್ಲದೆಯೂ ಹೀಗೆಯೇ. ಪಂಪ್‌ವೆಲ್‌ನಲ್ಲಿ ಬಿಸಿಲಿನಲ್ಲಿ ನಿಂತವನಿಗೆ 16, ಅವನೇ ಫ್ಲೈಓವರ್ ನೆರಳಿಗೆ ಸರಿದರೆ ನಾಲ್ಕು ಕ್ಲಿಕ್ ತೆರೆದು 4. ಇದು ಅಂದಾಜು, ಆದರೆ ಫಿಲ್ಮ್ ವ್ಯರ್ಥವಾಗದಷ್ಟು ಒಳ್ಳೆಯ ಅಂದಾಜು.

ಹೀಗಿದ್ದ ರಿಂಗ್ ಹೋದದ್ದು ಒಂದೇ ದಿನದಲ್ಲಲ್ಲ. ಕ್ಯಾನನ್ ಕಂಪೆನಿ 1987ರಲ್ಲಿ ಇಒಎಸ್ ಕ್ಯಾಮೆರಾ ತಂದಾಗ ಲೆನ್ಸಿನ ಬಾಯಿಯನ್ನೇ ಬದಲಿಸಿತು. ಸನ್ನೆ, ಕೊಕ್ಕೆ ಯಾವುದೂ ಇಲ್ಲ, ಎಲ್ಲವೂ ವಿದ್ಯುತ್ತಿನಲ್ಲಿ. ರಿಂಗ್ ಕೂಡ ಇಲ್ಲ. ಅದುವರೆಗೆ 1971ರಿಂದ ಬಂದ ಎಫ್‌ಡಿ ಲೆನ್ಸುಗಳನ್ನು ಕೊಂಡಿದ್ದವರಿಗೆ ಹೊಸ ಕ್ಯಾಮೆರಾದಲ್ಲಿ ಅವು ಕೂರಲೇ ಇಲ್ಲ. ಸಿಟ್ಟು ಬಂದಿರಬಹುದು, ಆದರೆ ಕನಿಷ್ಠ ವಿಷಯ ಸ್ಪಷ್ಟವಾಗಿತ್ತು. ನಿಕಾನ್ ಬಾಯಿ ಬದಲಿಸಲಿಲ್ಲ. ಆದರೆ 2000ದ ಸುಮಾರಿಗೆ 'ಜಿ' ಎಂಬ ಅಕ್ಷರದ ಲೆನ್ಸುಗಳನ್ನು ತರತೊಡಗಿತು. ಅವುಗಳಲ್ಲಿ ರಿಂಗ್ ಇಲ್ಲ. ಅಪರ್ಚರನ್ನು ಕ್ಯಾಮೆರಾದ ಚಕ್ರದಿಂದಲೇ ಹೊಂದಿಸಬೇಕು. ಹೊಸ ಕ್ಯಾಮೆರಾ ಇರುವವರಿಗೆ ಇದರಿಂದ ಅನುಕೂಲವೇ, ಲೆನ್ಸಿನಲ್ಲಿ ಒಂದು ಭಾಗ ಕಡಿಮೆ, ಕೈತಪ್ಪಿ ರಿಂಗ್ ತಿರುಗುವ ಭಯವೂ ಇಲ್ಲ. ತೊಂದರೆ ಹಳೆಯದನ್ನೂ ಹೊಸದನ್ನೂ ಬೆರೆಸಿ ಬಳಸಬೇಕಾದವರಿಗೆ.

ನನ್ನ ಗೆಳತಿಯ ಅಣ್ಣನ ಹತ್ತಿರ 50 ಮಿಲಿಮೀಟರ್ ಎಫ್ 1.8 ಜಿ ಲೆನ್ಸ್ ಇತ್ತು. ಅದನ್ನು ತಂದು ಎಫ್‌ಎಂ2ಗೆ ಹಾಕಿ ನೋಡಿದೆವು. ಚೆನ್ನಾಗಿ ಕೂತಿತು. ಕಣ್ಣಿಟ್ಟು ನೋಡಿದರೆ ಒಳಗೆ ಬೆಳಕೋ ಬೆಳಕು. ಆದರೆ ಬಟನ್ ಒತ್ತಿದ ಕ್ಷಣ ಆ ತಗಡುಗಳು ಪೂರ್ತಿ ಮುಚ್ಚಿಕೊಳ್ಳುತ್ತವೆ, ನೇರ 16ಕ್ಕೆ. ಹಳೆಯ ಕ್ಯಾಮೆರಾ ನೋಡುವಾಗ ತೂತನ್ನು ಪೂರ್ತಿ ತೆರೆದು ಹಿಡಿದಿರುತ್ತದೆ, ಫೋಟೋ ತೆಗೆಯುವಾಗ ಬಿಟ್ಟುಬಿಡುತ್ತದೆ. ಎಲ್ಲಿ ನಿಲ್ಲಬೇಕು ಎಂದು ಹೇಳುವುದು ರಿಂಗ್. ರಿಂಗೇ ಇಲ್ಲದಿದ್ದರೆ ಎಲ್ಲೂ ನಿಲ್ಲುವುದಿಲ್ಲ. ಲೆಕ್ಕ ಹಾಕಿ: 1.8ರಲ್ಲಿ ಬರುವ ಬೆಳಕಿನ 79ರಲ್ಲಿ ಒಂದು ಪಾಲು ಮಾತ್ರ 16ರಲ್ಲಿ ಬರುತ್ತದೆ. ಎಫ್‌ಎಂ2 ಫಿಲ್ಮಿನ ಕ್ಯಾಮೆರಾ ಆದ್ದರಿಂದ ತೊಳೆಸುವವರೆಗೂ ಇದು ಗೊತ್ತಾಗುವುದಿಲ್ಲ. ನಾವು ಫಿಲ್ಮ್ ಹಾಕದೆ ಹಿಂದಿನ ಬಾಗಿಲು ತೆರೆದು ಒಳಗಿನಿಂದ ನೋಡಿದ್ದರಿಂದ ಕಂಡಿತು. ಹಳೆಯ ಕ್ಯಾಮೆರಾ ಕೊಂಡು ಹೊಸ ಲೆನ್ಸ್ ಹಾಕುವ ಆಸೆ ಇರುವವರು ಇದೊಂದು ಪರೀಕ್ಷೆ ಮಾಡಿ.

ಇನ್ನು ನನ್ನ ನಿಜವಾದ ಪ್ರಶ್ನೆ ಇದರ ಉಲ್ಟಾ: ಹಳೆಯ ಲೆನ್ಸ್, ಹೊಸ ಕ್ಯಾಮೆರಾ. ಇಲ್ಲಿ ವಿಷಯ ಒಂದು ಸಣ್ಣ ಕೊಕ್ಕೆಗೆ ಬಂದು ನಿಲ್ಲುತ್ತದೆ. 1977ರಿಂದ ನಿಕಾನ್ ಲೆನ್ಸುಗಳ ಅಪರ್ಚರ್ ರಿಂಗಿನ ಹಿಂದೆ ಒಂದು ಏಣು ಇರುತ್ತದೆ. ಕ್ಯಾಮೆರಾದ ಬಾಯಿಯ ಅಂಚಿನಲ್ಲಿ ಒಂದು ಕೊಕ್ಕೆ. ರಿಂಗ್ ತಿರುಗಿದಾಗ ಏಣು ಕೊಕ್ಕೆಯನ್ನು ತಳ್ಳುತ್ತದೆ, ನಂಬರ್ ಎಷ್ಟರಲ್ಲಿದೆ ಎಂದು ಕ್ಯಾಮೆರಾಕ್ಕೆ ತಿಳಿಯುತ್ತದೆ, ಅದು ಬೆಳಕು ಅಳೆಯುತ್ತದೆ. ಕೊಕ್ಕೆ ಇಲ್ಲದ ಕ್ಯಾಮೆರಾದಲ್ಲಿ ಇದೇ ಲೆನ್ಸ್ ಕೂರುತ್ತದೆ, ಆದರೆ ಕ್ಯಾಮೆರಾ ಬೆಳಕು ಅಳೆಯುವುದಿಲ್ಲ. ಎಲ್ಲವನ್ನೂ ನೀವೇ ಊಹಿಸಿ, ತೆಗೆದು, ನೋಡಿ, ಮತ್ತೆ ತೆಗೆಯಬೇಕು. ಬಿಡುವಿನಲ್ಲಿ ಹೂವಿನ ಫೋಟೋ ತೆಗೆಯುವವರಿಗೆ ಅದು ಸಾಕು. ಮೆಹಂದಿಯಲ್ಲಿ ಮಗು ನಗುವುದು ಒಂದೇ ಸಲ.

ಯಾವ ಕ್ಯಾಮೆರಾಗಳಿಗೆ ಕೊಕ್ಕೆ ಉಂಟು, ಯಾವುದಕ್ಕಿಲ್ಲ ಎಂದು ಪಟ್ಟಿ ಮಾಡಲು ಕುಳಿತಾಗ ನನಗೆ ಅಬ್ಬಾ ಕೆಲಸ ಬಿಟ್ಟ ಕತೆ ಅರ್ಥವಾಯಿತು. ಡಿಜಿಟಲ್ ಬಂದ ಕಾಲಕ್ಕೆ ನಿಕಾನ್‌ನ ಡಿ200 ಎಂಬ ಕ್ಯಾಮೆರಾ ಬಂತು, 2005ರಲ್ಲಿ. ಅದಕ್ಕೆ ಕೊಕ್ಕೆ ಇತ್ತು. 2006ರಲ್ಲಿ ಡಿ40 ಬಂತು, ಅದಕ್ಕೆ ಇರಲಿಲ್ಲ. ಅಬ್ಬಾರ ಕೈಗೆ ಎಟಕುತ್ತಿದ್ದದ್ದು ಡಿ40 ಮಾತ್ರ. ಅಗ್ಗದ ಕ್ಯಾಮೆರಾದಲ್ಲಿ ಕೊಕ್ಕೆ ಇಲ್ಲ, ಕೊಕ್ಕೆ ಇರುವ ಕ್ಯಾಮೆರಾ ಅಗ್ಗ ಅಲ್ಲ. ಹಳೆಯ ಲೆನ್ಸ್ ಇಟ್ಟುಕೊಂಡವರು ಸಾಮಾನ್ಯವಾಗಿ ದುಡ್ಡು ಕಡಿಮೆ ಇರುವವರೇ, ಆದರೆ ಹಳೆಯದನ್ನು ಬಳಸುವ ಅವಕಾಶ ಮಾತ್ರ ದುಬಾರಿ ಕ್ಯಾಮೆರಾ ಕೊಂಡವರಿಗೆ. ಇದು ನನಗೆ ಈಗಲೂ ಸರಿ ಕಾಣುವುದಿಲ್ಲ. ಅಬ್ಬಾರಿಗೆ ಬಾಡಿ, ಲೆನ್ಸ್, ಕಂಪ್ಯೂಟರ್ ಎಲ್ಲವೂ ಒಟ್ಟಿಗೆ ಹೊಸದಾಗಿ ಬೇಕಾಯಿತು. ಜೆರಾಕ್ಸ್ ಮೆಷಿನ್ ಅದಕ್ಕಿಂತ ಕಡಿಮೆಗೆ ಸಿಕ್ಕಿತು.

ಈಗ ಕಾಮರ್ಸ್. ಫಸ್ಟ್ ಪಿಯುಸಿ ಅಕೌಂಟೆನ್ಸಿಯಲ್ಲಿ ಡಿಪ್ರಿಸಿಯೇಷನ್ ಪಾಠ ನೆನಪಿರಬೇಕು. ಆಸ್ತಿಯ ಬೆಲೆ ಇಳಿಯಲು ಕಾರಣ ಬಳಕೆಯ ಸವೆತ ಒಂದೇ ಅಲ್ಲ, ಅಬ್ಸೊಲೆಸೆನ್ಸ್ ಎಂಬುದೂ ಉಂಟು. ವಸ್ತು ಸರಿಯಾಗಿಯೇ ಇರುತ್ತದೆ, ಆದರೆ ಹೊಸದು ಬಂದದ್ದರಿಂದ ಅದಕ್ಕೆ ಬೆಲೆ ಇಲ್ಲ. ಪರೀಕ್ಷೆಗೆ ಒಂದು ಸಾಲಿನ ಉತ್ತರ ಬರೆದು ಮುಂದೆ ಹೋಗಿದ್ದೆವು. ನಾನು ನೋಡಿದ ಎರಡು ಕ್ಯಾಮೆರಾಗಳ ಲೆಕ್ಕ ಹೀಗಿತ್ತು. ಒಂದು ಡಿ5600, ಜತೆಗೆ ಬರುವ 18-55 ಲೆನ್ಸ್ ಸೇರಿ ಸೆಕೆಂಡ್ ಹ್ಯಾಂಡ್ 29,000 ರೂಪಾಯಿ. ಇನ್ನೊಂದು ಡಿ7200, ಲೆನ್ಸ್ ಇಲ್ಲದೆ ಬರೀ ಬಾಡಿ 27,000. ಯಾರನ್ನು ಕೇಳಿದರೂ ಮೊದಲನೆಯದೇ ಲಾಭ ಎನ್ನುತ್ತಾರೆ. ಆದರೆ ಡಿ5600ಕ್ಕೆ ಕೊಕ್ಕೆ ಇಲ್ಲ. ಅದನ್ನು ತಗೊಂಡ ದಿನವೇ ಅಬ್ಬಾರ ಮೂರು ಲೆನ್ಸುಗಳ ಬೆಲೆ ನನ್ನ ಪುಸ್ತಕದಲ್ಲಿ ಸೊನ್ನೆ. ಜತೆಗೆ ಬರುವ ಲೆನ್ಸ್ 50ರ ಹತ್ತಿರಕ್ಕೆ ಝೂಮ್ ಮಾಡಿದಾಗ 5.6ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಬ್ಬಾರ 50 ಮಿಲಿಮೀಟರ್ 1.8ರವರೆಗೆ ತೆರೆಯುತ್ತದೆ, ಅಂದರೆ ಸುಮಾರು ಹತ್ತು ಪಟ್ಟು ಬೆಳಕು. ಮೆಹಂದಿ ನಡೆಯುವುದು ರಾತ್ರಿ, ಮನೆಯ ಒಳಗೆ, ಹಳದಿ ಬಲ್ಬಿನಲ್ಲಿ.

ಡಿ7200ಗೆ ಕೊಕ್ಕೆ ಉಂಟು. ಮೆನುವಿನಲ್ಲಿ ಹೋಗಿ ಲೆನ್ಸ್ ಎಷ್ಟು ಮಿಲಿಮೀಟರ್, ಗರಿಷ್ಠ ಎಷ್ಟು ತೆರೆಯುತ್ತದೆ ಎಂದು ಬರೆದುಬಿಟ್ಟರೆ ಸಾಕು, ರಿಂಗ್ ತಿರುಗಿಸಿದಂತೆ ಪರದೆಯಲ್ಲಿ ನಂಬರ್ ಬದಲಾಗುತ್ತದೆ. ಫೋಕಸ್ ಕೈಯಿಂದಲೇ ಮಾಡಬೇಕು, ಸರಿಯಾದಾಗ ಒಂದು ಚುಕ್ಕೆ ಹೊತ್ತಿಕೊಳ್ಳುತ್ತದೆ. ಇದರ ಸೆನ್ಸರ್ ಫಿಲ್ಮಿಗಿಂತ ಚಿಕ್ಕದಾದ್ದರಿಂದ 50 ಮಿಲಿಮೀಟರ್ ಲೆನ್ಸ್ 75ರ ಹಾಗೆ ಹತ್ತಿರ ತೋರಿಸುತ್ತದೆ, ಅದಕ್ಕೆ ಸ್ವಲ್ಪ ಹಿಂದೆ ಸರಿಯಬೇಕು. ಡಿ7200 ಬಂದದ್ದು 2015ರಲ್ಲಿ. 2017ರಲ್ಲಿ ಅದೇ ಸಾಲಿನಲ್ಲಿ ಡಿ7500 ಬಂತು, ಹೊಸದು, ವೇಗ ಹೆಚ್ಚು, ಆದರೆ ಕೊಕ್ಕೆಯನ್ನು ತೆಗೆದುಹಾಕಿದ್ದರು. ನಂಬರ್ ದೊಡ್ಡದೆಂದು ಅದನ್ನು ಕೊಳ್ಳುವ ಹಳೆ ಲೆನ್ಸಿನವರ ಪಾಡು ನೀವೇ ಯೋಚಿಸಿ. ಬಾಡಿಯ ಬಾಯಿಯ ಸುತ್ತ ಬೆರಳು ಆಡಿಸಿದರೆ ಕೊಕ್ಕೆ ಸಿಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಅಂಗಡಿಯಲ್ಲಿ ಹಾಗೆ ಮಾಡಿದಾಗ ಅಲ್ಲಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು, ನೋಡಲಿ.

ರಿಂಗ್ ಇರುವ ಆಟೋಫೋಕಸ್ ಲೆನ್ಸುಗಳೂ ಇವೆ, 'ಡಿ' ಎಂಬ ಅಕ್ಷರದವು. ಅವುಗಳ ತಮಾಷೆ ಬೇರೆ. ಡಿಜಿಟಲ್ ಕ್ಯಾಮೆರಾಕ್ಕೆ ಹಾಕುವಾಗ ರಿಂಗನ್ನು ಅತಿ ಸಣ್ಣ ತೂತಿನ ನಂಬರಿಗೆ ತಿರುಗಿಸಿ ಲಾಕ್ ಮಾಡಬೇಕು. ಇಲ್ಲದಿದ್ದರೆ ಕ್ಯಾಮೆರಾ ಕೆಲಸ ನಿಲ್ಲಿಸಿ ಇಂಗ್ಲಿಷಿನಲ್ಲಿ ಎಫ್, ಇ, ಇ ಎಂಬ ಮೂರು ಅಕ್ಷರ ತೋರಿಸುತ್ತದೆ. ಓದಿದರೆ 'ಫೀ'. ಫೀ ಕಟ್ಟದೆ ಒಳಗೆ ಬಿಡುವುದಿಲ್ಲ ಎನ್ನುವುದು ಕಾಲೇಜುಗಳು ಮಾತ್ರ ಅಂದುಕೊಂಡಿದ್ದೆ.

105 ಮಿಲಿಮೀಟರ್ ಎಫ್ 2.5 ಲೆನ್ಸಿನ ಬಗ್ಗೆ ಒಂದು ಮಾತು. 1985ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟದಲ್ಲಿ ಬಂದ ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಫೋಟೋವನ್ನು ನೀವೆಲ್ಲ ನೋಡಿರುತ್ತೀರಿ. 1984ರಲ್ಲಿ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್ಕರಿ ಅದನ್ನು ತೆಗೆದದ್ದು ಇದೇ ಎಫ್‌ಎಂ2 ಮತ್ತು ಇದೇ ಬಗೆಯ 105 ಲೆನ್ಸಿನಲ್ಲಿ. ಪಂಪ್‌ವೆಲ್‌ನ ನಮ್ಮ ಕಪಾಟಿನಲ್ಲಿರುವುದು ಅಂಥದ್ದೇ ಜೋಡಿ ಎಂದು ತಿಳಿದು ನಾನು ಕುಣಿದುಬಿಟ್ಟೆ. ಅಮ್ಮಿಗೆ ಫೋಟೋ ತೋರಿಸಿದೆ. ಅವರು ತುಂಬ ಹೊತ್ತು ನೋಡಿ, "ಆ ಹುಡುಗಿಯನ್ನು ಯಾರಾದರೂ ಕೇಳಿದರಾ?" ಎಂದರು. ಲೆನ್ಸಿನ ಬಗ್ಗೆ ಒಂದು ಮಾತೂ ಇಲ್ಲ. ಖಾಲಾ ಕಾರ್ಡ್ ಅವತ್ತೇ ಕೊಡು ಎಂದದ್ದರ ಹಿಂದೆಯೂ ಇದೇ ಪ್ರಶ್ನೆ ಇರಬೇಕು.

ಈಗ ಎಲ್ಲರೂ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೋಗುತ್ತಿದ್ದಾರೆ, ಇನ್ನು ಆ ಲೆನ್ಸ್ ಯಾಕೆ ಎಂದು ಕೆಲವರು ಕೇಳಿದರು. ಅಲ್ಲಿ ಕತೆ ತಿರುಗಿಬಿಟ್ಟಿದೆ. ಹಳೆ ನಿಕಾನ್‌ನಲ್ಲಿ ಲೆನ್ಸಿನ ಬಾಯಿಯಿಂದ ಫಿಲ್ಮಿಗೆ 46.5 ಮಿಲಿಮೀಟರ್ ದೂರ. ಸೋನಿಯ ಮಿರರ್‌ಲೆಸ್‌ನಲ್ಲಿ ಅದು 18, ನಿಕಾನ್ 2018ರಲ್ಲಿ ತಂದ 'ಝಡ್' ಸಾಲಿನಲ್ಲಿ 16. ನಡುವೆ ಸಾಕಷ್ಟು ಜಾಗ ಇರುವುದರಿಂದ ಒಂದು ಖಾಲಿ ಕೊಳವೆಯಂಥ ಅಡಾಪ್ಟರ್ ಹಾಕಿದರೆ ಅಬ್ಬಾರ ಲೆನ್ಸ್ ಅವುಗಳಲ್ಲೂ ನಡೆಯುತ್ತದೆ, ಏಕೆಂದರೆ ತೂತನ್ನು ಹೊಂದಿಸುವ ರಿಂಗ್ ಅದರ ಮೈಮೇಲೆಯೇ ಇದೆ. ಅದೇ ಕೊಳವೆಗೆ ಜಿ ಲೆನ್ಸ್ ಹಾಕಿದರೆ ಮತ್ತೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಅದಕ್ಕಾಗಿ ಅಡಾಪ್ಟರಿಗೇ ಒಂದು ರಿಂಗ್ ಹಾಕಿ ಮಾರುತ್ತಾರೆ, ನಂಬರ್ ಇಲ್ಲದ ರಿಂಗ್! ಫ್ಯೂಜಿ ಕಂಪೆನಿಯಂತೂ ತನ್ನ ಬೆಲೆಬಾಳುವ ಎಕ್ಸ್‌ಎಫ್ ಲೆನ್ಸುಗಳಲ್ಲಿ ಹೆಚ್ಚಿನವಕ್ಕೆ ಅಪರ್ಚರ್ ರಿಂಗ್ ಕೊಡುತ್ತದೆ, ಅಗ್ಗದ ಎಕ್ಸ್‌ಸಿ ಲೆನ್ಸುಗಳಿಗೆ ಕೊಡುವುದಿಲ್ಲ. ಒಂದು ಕಾಲದಲ್ಲಿ ಎಲ್ಲ ಲೆನ್ಸಿಗೂ ಇದ್ದದ್ದು ಈಗ ಹೆಚ್ಚು ಕೊಟ್ಟವರಿಗೆ.

ಮಂಗಳೂರಿನಲ್ಲಿ ಹಳೆ ಲೆನ್ಸಿಗೆ ನಿಜವಾದ ಶತ್ರು ಕಂಪೆನಿ ಅಲ್ಲ, ಮಳೆಗಾಲ. ಜೂನ್‌ನಿಂದ ನಾಲ್ಕು ತಿಂಗಳು ಬಟ್ಟೆಯೇ ಒಣಗದ ಊರಿನಲ್ಲಿ ಗಾಜಿನೊಳಗೆ ಫಂಗಸ್ ಜೇಡರ ಬಲೆಯ ಹಾಗೆ ಹಬ್ಬುತ್ತದೆ. ಅಬ್ಬಾ ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಲೆನ್ಸುಗಳನ್ನು ಬಿಸ್ಕೆಟ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಕಪಾಟಿನಲ್ಲಿ ಜೀರೋ ಬಲ್ಬ್ ಉರಿಸಿ ಕಾಪಾಡಿದ್ದಾರೆ. ಪ್ರತಿ ಬೇಸಿಗೆಯಲ್ಲಿ ತೆಗೆದು ರಿಂಗ್ ತಿರುಗಿಸಿ ಮತ್ತೆ ಇಡುತ್ತಿದ್ದರು. ಯಾಕೆ ಎಂದು ನಾವು ಯಾರೂ ಕೇಳಿರಲಿಲ್ಲ. ಆದರೂ 28 ಮಿಲಿಮೀಟರಿನ ತಗಡುಗಳಿಗೆ ಎಣ್ಣೆ ಇಳಿದು ಅವು ನಿಧಾನವಾಗಿವೆ, ಅದನ್ನು ರಿಪೇರಿಗೆ ಕೊಡಬೇಕು.

ಡಿ7200 ತಗೊಂಡೆವು. ಅರ್ಧ ಹಣ ಖಾಲಾ ಮುಂಗಡ ಕೊಟ್ಟರು, ಉಳಿದದ್ದು ನನ್ನ ಈದಿಯ ಉಳಿತಾಯ ಮತ್ತು ಅಬ್ಬಾರದ್ದು. ಹಳೆಯ ಫ್ಲ್ಯಾಷ್ ಮಾತ್ರ ಹಾಕಲಿಲ್ಲ, ಕೆಲವು ಹಳೆ ಫ್ಲ್ಯಾಷುಗಳ ವೋಲ್ಟೇಜ್ ಡಿಜಿಟಲ್ ಕ್ಯಾಮೆರಾವನ್ನು ಸುಡಬಲ್ಲದು. ಅಗ್ಗದ ಹೊಸದೊಂದು ತಂದು, ಅದರ ಬಲ ಇಳಿಸಿ 32ರ ಹತ್ತಿರಕ್ಕೆ ತಂದಿಟ್ಟುಕೊಂಡೆ. ಮೆಹಂದಿಯ ರಾತ್ರಿ ಸುಮಾರು ನಾನೂರು ಫೋಟೋ ತೆಗೆದೆ, ಹೆಚ್ಚಿನವು 50ರಲ್ಲಿ. ಫೋಕಸ್ ತಪ್ಪಿದವು ಬಹಳ, ಉಳಿದವು ಸಾಕಷ್ಟು. ಮೊದಮೊದಲು ಕ್ಯಾಮೆರಾ ಕಂಡು ದುಪಟ್ಟಾ ಎಳೆದುಕೊಂಡವರು ಆಮೇಲೆ "ನಮ್ಮದೂ ತೆಗಿ" ಎಂದು ಸಾಲಾಗಿ ನಿಂತರು. ನಾನಿ ಸೋಫಾದಲ್ಲಿ ನೇರವಾಗಿ ಕುಳಿತು ಬಳೆ ಸರಿಮಾಡಿಕೊಂಡು, "ಹೂಂ" ಎಂದರು.

ಕಾರ್ಡ್ ಖಾಲಾರಿಗೆ ಕೊಟ್ಟು ಮನೆಗೆ ಬಂದಾಗ ಹನ್ನೆರಡು ದಾಟಿತ್ತು. ಹೆಂಗಸರ ಕಡೆಯ ಫೋಟೋ ಅಬ್ಬಾ ನೋಡುವುದಿಲ್ಲ, ನಾನೂ ತೋರಿಸುವಂತಿರಲಿಲ್ಲ. ಅವರು ಲೆನ್ಸ್ ಬಿಚ್ಚಿ ಒರೆಸುತ್ತ ಕೇಳಿದರು:

"ಮದುಮಗಳದ್ದು ನಿಂತದ್ದು ತೆಗೆದೆಯಾ?"

"ತೆಗೆದೆ."

"ಎಷ್ಟರಲ್ಲಿ?"

"ಎಂಟರಲ್ಲಿ."

"ಎಷ್ಟು ಹೆಜ್ಜೆ?"

"ಆರು."

ಅಬ್ಬಾ ರಿಂಗನ್ನು ಎಂಟರಿಂದ ಇಪ್ಪತ್ತೆರಡಕ್ಕೆ ಮೂರು ಕ್ಲಿಕ್ ತಿರುಗಿಸಿ ಡಬ್ಬಿಯಲ್ಲಿಟ್ಟರು. 28ರ ರಿಪೇರಿಗೆ ಶನಿವಾರ ಹೋಗೋಣ ಎಂದರು.